ಮಂಗನ ಕಾಯಿಲೆ: ಮಲೆನಾಡಿನ ರೈತ ಮತ್ತು ಪುಣೆಯ ಪ್ರಯೋಗಾಲಯ

ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನಲ್ಲಿ ಕ್ಯಾಸನೂರು ಎಂಬುದೊಂದು ಅರಣ್ಯದಂಚಿನ ಗ್ರಾಮ. 1957ನೆಯ ಇಸವಿಯ ಬೇಸಗೆಯಲ್ಲಿ ಅದರ ಸುತ್ತಣ ಕಾಡುಗಳಲ್ಲಿ ಮಂಗಗಳು ಒಂದೊಂದಾಗಿ ಸತ್ತು ಬೀಳತೊಡಗಿದವು. ಅದೇ ಕಾಲಕ್ಕೆ ಕಾಡಿಗೆ ಹೋಗಿಬಂದ ರೈತರೂ ಕೂಲಿಯಾಳುಗಳೂ ತೀವ್ರ ಜ್ವರದಿಂದ ಹಾಸಿಗೆ ಹಿಡಿದರು. ಮೊದಲಿಗೆ ಅದನ್ನು ವಿಷಮಶೀತ ಜ್ವರವೆಂದು ಬಗೆಯಲಾಯಿತು. ಮಂಗಗಳ ಸಾವಿನ ವಾರ್ತೆ ಹಬ್ಬಿದಾಗ, ಏಷ್ಯಾ ಖಂಡದಲ್ಲಿ ನೆಲೆಯೂರಿರದ ಹಳದಿ ಜ್ವರವೇ ಭಾರತಕ್ಕೆ ಕಾಲಿರಿಸಿತೇ ಎಂಬ ಭೀತಿ ತಲೆದೋರಿತು.

ಈ ಸಂಶಯವನ್ನು ಬಗೆಹರಿಸಿದುದು ಪುಣೆ ನಗರ. 1952ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ಸಹಕಾರದಿಂದ ಇಲ್ಲಿ ಸ್ಥಾಪಿತವಾಗಿದ್ದ ವೈರಸ್ ಸಂಶೋಧನಾ ಕೇಂದ್ರದ ತಜ್ಞರು, ನಿರ್ದೇಶಕ ಡಾ. ಟೆಲ್ಫರ್ಡ್ ವರ್ಕ್ ಅವರ ನೇತೃತ್ವದಲ್ಲಿ ಶೋಧನೆ ಕೈಗೊಂಡು ರೋಗಾಣುವನ್ನು ಬೇರ್ಪಡಿಸಿದರು. ಅದು ಹಳದಿ ಜ್ವರದ್ದಾಗಿರಲಿಲ್ಲ; ರಷ್ಯಾದ ಕಾಡುಗಳಲ್ಲಿ ಉಣುಗುಗಳಿಂದ ಹರಡುವ ಮಿದುಳುಜ್ವರದ ವೈರಸ್ಸಿಗೆ ಹತ್ತಿರದ ಬಂಧುವಾದ, ಅದುವರೆಗೆ ಯಾರೂ ಅರಿಯದ ವೈರಸ್ಸಾಗಿತ್ತು. ಜಗತ್ತಿನ ವೈದ್ಯಗ್ರಂಥಗಳಲ್ಲಿ ಕ್ಯಾಸನೂರಿನ ಹೆಸರು ಸೇರಿದುದು ಹೀಗೆ. ಜನರ ಬಾಯಲ್ಲಿ ಮಾತ್ರ ಅದು ‘ಮಂಗನ ಕಾಯಿಲೆ’. ಈ ಹೆಸರಿನಿಂದ ಮಂಗಕ್ಕೆ ತುಸು ಅನ್ಯಾಯವೇ ಆಗಿದೆಯೆನ್ನಬೇಕು. ಅದೂ ಮನುಷ್ಯನಂತೆಯೇ ಈ ರೋಗಕ್ಕೆ ಬಲಿಯಾಗುವ ಪ್ರಾಣಿ.

ರೋಗವನ್ನು ಹರಡುವುದು ಉಣುಗು. ವೈರಸ್ಸು ಕಾಡಿನ ಇಲಿ, ಸುಂಡಿಲಿಗಳಲ್ಲಿಯೂ ಉಣುಗುಗಳಲ್ಲಿಯೂ ಸದ್ದಿಲ್ಲದೆ ಬಾಳುತ್ತಿರುತ್ತದೆ. ಮುಸಿಯ ಅಥವಾ ಕೆಂಪು ಮೂತಿಯ ಮಂಗಕ್ಕೆ ಅದು ತಗುಲಿದರೆ ರಕ್ತದಲ್ಲಿ ಅಪಾರವಾಗಿ ವೃದ್ಧಿಯಾಗುತ್ತದೆ. ಮಂಗ ಸತ್ತೊಡನೆ ಅದರ ಮೈಮೇಲಿನ ಉಣುಗುಗಳು ಕೆಳಗುದುರಿ, ಆ ನೆಲವೇ ರೋಗದ ಮಡುವಾಗುತ್ತದೆ. ಮಲೇರಿಯಾದಲ್ಲಿ ಸೊಳ್ಳೆಯು ಒಬ್ಬ ಮನುಷ್ಯನಿಂದ ಇನ್ನೊಬ್ಬನಿಗೆ ರೋಗವನ್ನು ಸಾಗಿಸುತ್ತದೆ, ಇಲ್ಲಿ ಹಾಗಿಲ್ಲ. ಮನುಷ್ಯನಿಂದ ಮನುಷ್ಯನಿಗೆ ಈ ಕಾಯಿಲೆ ಹರಡದು. ಆದುದರಿಂದ ರೋಗಿಯನ್ನು ದೂರವಿರಿಸುವುದು ಅನಗತ್ಯವಷ್ಟೇ ಅಲ್ಲ, ನಿರ್ದಯವೂ ಹೌದು.

ರೈತನಿಗೇ ಇದರ ಪೆಟ್ಟು ಹೆಚ್ಚೇಕೆ? ಮನುಷ್ಯನನ್ನು ಕಚ್ಚುವುದು ಬಹುಮಟ್ಟಿಗೆ ಎಳೆಯ ಉಣುಗು. ಎಳ್ಳುಕಾಳಿನಷ್ಟೂ ಇಲ್ಲದ ಅದು ಕಾಡಿನ ತರಗೆಲೆಗಳ ನಡುವೆ ಹೆಚ್ಚಾಗಿರುವುದು ಡಿಸೆಂಬರಿನಿಂದ ಮೇ ತಿಂಗಳವರೆಗೆ. ಮಲೆನಾಡಿನ ಕೃಷಿಕನು ಕೊಟ್ಟಿಗೆಗೆ ಹಾಸಲು, ಅಡಿಕೆ ತೋಟಕ್ಕೆ ಗೊಬ್ಬರ ಮಾಡಲು ಸೊಪ್ಪಿನಬೆಟ್ಟದಲ್ಲಿ ದರಗು ಗುಡಿಸುವುದೂ, ಮಳೆಗಾಲಕ್ಕೆಂದು ಸೌದೆ ಕೂಡಿಡುವುದೂ ಅದೇ ತಿಂಗಳುಗಳಲ್ಲಿ. ಋತುಮಾನದ ಈ ಹೊಂದಾಣಿಕೆಯೇ ಅವನಿಗೆ ಮುಳುವಾಗಿದೆ. ಬೆಳೆದ ಉಣುಗುಗಳಾದರೋ ಕಾಡಿನಲ್ಲಿ ಮೇಯುವ ದನಗಳ ರಕ್ತ ಹೀರಿ ಸಂತಾನ ಹೆಚ್ಚಿಸಿಕೊಳ್ಳುತ್ತವೆ. ಕಾಡು ಕಡಿದು ಗದ್ದೆ ತೋಟಗಳು ಮುಂದೊತ್ತಿದಂತೆಲ್ಲ ಮನುಷ್ಯ, ದನ, ಮಂಗ, ಉಣುಗುಗಳ ಸಾಮೀಪ್ಯ ಹೆಚ್ಚುತ್ತದೆ. 1980ರ ದಶಕದ ಮೊದಲ ಭಾಗದಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿ ಭಾಗದಲ್ಲಿ ಗೇರು ತೋಪಿಗಾಗಿ ಕಾಡು ಸವರಿದ ಬಳಿಕ ರೋಗವು ಉಗ್ರರೂಪ ತಾಳಿತು.

ದಶಕಗಳ ಕಾಲ ಕರ್ನಾಟಕದ ಐದು ಜಿಲ್ಲೆಗಳ ಗಡಿಯೊಳಗಿದ್ದ ಕಾಯಿಲೆ 2012ರಿಂದೀಚೆಗೆ ಚಾಮರಾಜನಗರ, ಕೇರಳದ ವಯನಾಡು, ಗೋವೆಯ ಸತ್ತರಿ ಹಾಗೂ ಮಹಾರಾಷ್ಟ್ರದ ಸಿಂಧುದುರ್ಗದಲ್ಲಿಯೂ ಕಾಣಿಸಿಕೊಂಡಿದೆ. ಸಾಗರ ತಾಲ್ಲೂಕಿನ ಅರಳಗೋಡಿನ ಜನ 2019ರ ಬೇಸಗೆಯನ್ನು ಇನ್ನೂ ಮರೆತಿಲ್ಲ. ಹಿಂದೆ ನೀಡುತ್ತಿದ್ದ ಲಸಿಕೆಯನ್ನು ಹಲವು ಬಾರಿ ಚುಚ್ಚಿಸಿಕೊಳ್ಳಬೇಕಾಗಿತ್ತು. ಆದರೂ ಪೂರ್ಣ ರಕ್ಷಣೆ ದೊರೆಯುತ್ತಿರಲಿಲ್ಲ. ಅದರ ಸತ್ವ ಕುಂದಿದುದರಿಂದ 2022ರಲ್ಲಿ ಬಳಕೆಯನ್ನೇ ನಿಲ್ಲಿಸಲಾಯಿತು.

ಆದುದರಿಂದ ಎಚ್ಚರಿಕೆಯೇ ಸದ್ಯದ ಆಸರೆ. ಬೇಸಗೆಯ ರಜೆಯಲ್ಲಿ ಮಕ್ಕಳೊಡನೆ ಊರಿಗೆ ತೆರಳುವವರು ಕಾಡಿಗೆ ಹೋಗುವುದಾದರೆ ಮೈತುಂಬ ಬಟ್ಟೆ ಧರಿಸಿ, ಆರೋಗ್ಯ ಕೇಂದ್ರದಲ್ಲಿ ಕೊಡುವ ಉಣುಗುನಿವಾರಕ ತೈಲವನ್ನು ಕೈಕಾಲುಗಳಿಗೆ ಸವರಿಕೊಳ್ಳಬೇಕು. ಮರಳಿದೊಡನೆ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆಗಳನ್ನು ಬಿಸಿನೀರಿನಲ್ಲಿ ನೆನೆಯಿಡುವುದು ಲೇಸು. ಮೈಗೆ ಕಚ್ಚಿದ ಉಣುಗನ್ನು ಬರಿಗೈಯಿಂದ ಹಿಸುಕದೆ ಚಿಮಟದಿಂದ ಕೀಳಬೇಕು. ಸತ್ತ ಮಂಗದ ಬಳಿ ಹೋಗದೆ ಆರೋಗ್ಯ ಸಿಬ್ಬಂದಿಗೆ ತಿಳಿಸಬೇಕು.

ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಹಠಾತ್ತನೆ ಚಳಿಜ್ವರ, ಹಣೆ ಸಿಡಿಯುವಂತಹ ತಲೆನೋವು, ಸೊಂಟ ಮತ್ತು ಮೀನಖಂಡಗಳ ಅಸಾಧ್ಯ ನೋವು, ವಾಂತಿ, ಕಣ್ಣು ಕೆಂಪಾಗುವಿಕೆ ತೋರುತ್ತವೆ. ಕೆಲವರಿಗೆ ಮೂಗು, ವಸಡುಗಳಿಂದ ರಕ್ತ ಒಸರುತ್ತದೆ. ಜ್ವರ ಬಿಟ್ಟು ಒಂದೆರಡು ವಾರ ಕಳೆದ ಮೇಲೆ ಕೆಲವರಲ್ಲಿ ಅದು ಮರುಕಳಿಸಿ ಮಿದುಳನ್ನು ಬಾಧಿಸುವುದೂ ಉಂಟು. ನೂರಕ್ಕೆ ಮೂರರಿಂದ ಐದು ಮಂದಿ ಅಸುನೀಗುತ್ತಾರೆ. ಇದಕ್ಕೆಂದೇ ಇರುವ ಔಷಧಿಯಿಲ್ಲ. ಆದರೆ ಬೇಗನೆ ಆಸ್ಪತ್ರೆ ಸೇರಿ, ದ್ರವಾಂಶ ಕುಂದದಂತೆ ಆರೈಕೆ ಪಡೆದವರು ಬಹುತೇಕ ಗುಣಮುಖರಾಗುತ್ತಾರೆ. ರಕ್ತಸ್ರಾವದ ಭಯವಿರುವುದರಿಂದ ಆಸ್ಪಿರಿನ್ ಮಾತ್ರೆಯನ್ನು ಸ್ವಂತವಾಗಿ ನುಂಗಲಾಗದು.

ಊರಿನಿಂದ ಮರಳಿದವರಿಗೆ ಪುಣೆಯಲ್ಲಿ ಜ್ವರ ಬಂದರೆ ಇಲ್ಲಿನ ವೈದ್ಯರು ಸಹಜವಾಗಿ ಡೆಂಗೂ, ಮಲೇರಿಯಾಗಳನ್ನೇ ಶಂಕಿಸುವರು. ಯಾವ ತಾಲ್ಲೂಕಿಗೆ ಹೋಗಿದ್ದುದು, ಕಾಡು ತೋಟ ಹೊಕ್ಕಿದ್ದುದುಂಟೇ, ಸುತ್ತಮುತ್ತ ಮಂಗ ಸತ್ತಿದ್ದುದುಂಟೇ ಎಂಬುದನ್ನು ವೈದ್ಯರು ಕೇಳದಿದ್ದರೂ ಹೇಳಬೇಕು. 1978ರಿಂದ ರಾಷ್ಟ್ರೀಯ ವೈರಾಣು ಸಂಸ್ಥೆಯೆಂದು ಹೆಸರಾಗಿರುವ ಅಂದಿನ ಸಂಶೋಧನಾ ಕೇಂದ್ರದಲ್ಲಿಯೇ ಇದರ ರಕ್ತಪರೀಕ್ಷೆಯ ವ್ಯವಸ್ಥೆಯಿದೆ. ಜ್ವರದ ಮೊದಲ ದಿನಗಳಲ್ಲಿ ತೆಗೆದ ರಕ್ತದಲ್ಲಿ ವೈರಸ್ಸು ಸುಲಭವಾಗಿ ಪತ್ತೆಯಾಗುತ್ತದೆ.