ತುಂತುರಿನಲ್ಲಿ ಬಾಳುವ ಕಪ್ಪೆ

ಪೂರ್ವ ಆಫ್ರಿಕದ ಟಾಂಜಾನಿಯದಲ್ಲಿ ಉಡ್ಜುಂಗ್ವಾ ಎಂಬ ಪರ್ವತಶ್ರೇಣಿಯಿದೆ. ಅಲ್ಲಿ ಕಿಹಾನ್ಸಿ ನದಿಯು ಮಳೆಕಾಡಿನ ನಡುವಣ ಆಳವಾದ ಕಮರಿಗೆ ಧುಮುಕುತ್ತದೆ. ಹಿಂದೆ ಈ ನೀರು ಬಂಡೆಗಳಿಗೆ ಅಪ್ಪಳಿಸಿ ತುಂತುರಾಗಿ ಚದರಿ, ಅಕ್ಕಪಕ್ಕದ ಇಳಿಜಾರುಗಳನ್ನು ಹಗಲಿರುಳೂ ತೋಯಿಸುತ್ತಿದ್ದಿತು. ಅಲ್ಲಿ ಹಾವಸೆ, ಜರಿಗಿಡ, ಹುಲ್ಲುಗಳು ದಟ್ಟವಾಗಿ ಬೆಳೆದಿದ್ದುವು. ಇಂಥ ನೆಲದ ವಿಸ್ತಾರ ಸುಮಾರು 2 ಹೆಕ್ಟೇರ್, ಎಂದರೆ ಐದು ಎಕರೆ ಮಾತ್ರ. ಒಂದು ಪ್ರಾಣಿಜಾತಿಯ ಇಡೀ ಪ್ರಪಂಚವೇ ಇಷ್ಟಾಗಿದ್ದಿತು!

ಆ ಪ್ರಾಣಿ, ಹೊಂಬಣ್ಣದ ಪುಟ್ಟ ನೆಲಗಪ್ಪೆ. ಬೆಳೆದ ಹೆಣ್ಣಿನ ಉದ್ದವೂ 3 ಸೆಂಟಿಮೀಟರನ್ನು ಮುಟ್ಟದು. 1996ರಲ್ಲಿ ಇದು ಜೀವಶಾಸ್ತ್ರಜ್ಞರ ಕಣ್ಣಿಗೆ ಬಿದ್ದಿತು. ನೆಕ್ಟೋಫ್ರಿನಾಯ್ಡಿಸ್ ಆಸ್ಪರ್ಜಿನಿಸ್ ಎಂಬ ಇದರ ಹೆಸರಿನಲ್ಲಿಯೂ ತುಂತುರೇ ಇದೆ. ಲ್ಯಾಟಿನ್ನಿನ ‘ಆಸ್ಪರ್ಗೊ’ ಪದಕ್ಕೆ ಅದೇ ಅರ್ಥ. ಕಪ್ಪೆ ಎಂದೊಡನೆ ನಮಗೆ ನೀರಿನಲ್ಲಿ ಈಜುವ ಗೊದಮೊಟ್ಟೆಯ ನೆನಪಾಗುತ್ತದಷ್ಟೆ. ಈ ಜಾತಿಯಲ್ಲಾದರೋ ಆ ಅವಸ್ಥೆ ತಾಯಿಯ ಒಡಲಿನಲ್ಲಿಯೇ ಕಳೆದು, ಪೂರ್ಣರೂಪದ ಮರಿಗಳೇ ಹೊರಬರುತ್ತವೆ.

ಇದನ್ನು ಕಂಡಾಗಲೇ ಮೇಲ್ಗಡೆ ಅಣೆಕಟ್ಟಿನ ಕೆಲಸ ಸಾಗಿದ್ದಿತು. 1,80,000 ಕಿಲೋವಾಟ್ ವಿದ್ಯುಚ್ಛಕ್ತಿಯ ಯೋಜನೆ. ಬೆಳಕಿಲ್ಲದ ಊರುಗಳುಳ್ಳ ದೇಶಕ್ಕೆ ಅದು ಬೇಡವೆನ್ನಲು ನಾವಾರು? 2000ದಲ್ಲಿ ನದಿಯನ್ನು ತಿರುಗಿಸಿದಾಗ ಕಮರಿಯ ಹರಿವು ಸುಮಾರು ಹತ್ತರಲ್ಲೊಂದು ಪಾಲಿಗೆ ಇಳಿಯಿತು. ತುಂತುರು ನಿಂತಿತು, ನೆಲ ಒಣಗಿತು. ಅದೇ ವರ್ಷ 499 ಕಪ್ಪೆಗಳನ್ನು ವಿಮಾನದಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯಕ್ಕೆ ಸಾಗಿಸಲಾಯಿತು. ಕಮರಿಯಲ್ಲಿ ಕೊಳವೆಗಳನ್ನು ಹೂಡಿ ಕೃತಕ ತುಂತುರನ್ನು ಚಿಮ್ಮಿಸಿದರು. ಕಪ್ಪೆಗಳು ಚೇತರಿಸಿಕೊಂಡುವು, 2003ರ ಮಧ್ಯಭಾಗದಲ್ಲಿ ಅವುಗಳ ಸಂಖ್ಯೆ ಸುಮಾರು 20,000 ಎಂದು ಅಂದಾಜಾಯಿತು.

ಕೆಲವೇ ತಿಂಗಳಲ್ಲಿ ಅವು ಬಹುಮಟ್ಟಿಗೆ ಅಳಿದುವು! ಸತ್ತ ಕಪ್ಪೆಗಳಲ್ಲಿ ಕೈಟ್ರಿಡ್ ಎಂಬ ಶಿಲೀಂಧ್ರ ಕಂಡುಬಂದಿತು. ಇದರ ಹಾವಳಿಯ ಬಗೆಯನ್ನು ತಿಳಿಯಬೇಕಾದರೆ ಕಪ್ಪೆಯ ಚರ್ಮದ ಕೆಲಸವನ್ನು ತಿಳಿದಿರಬೇಕು. ಕಪ್ಪೆಗೆ ಚರ್ಮವು ಬರಿಯ ಹೊದಿಕೆಯಲ್ಲ. ಅದು ಚರ್ಮದ ಮೂಲಕ ನೀರನ್ನು ಹೀರುತ್ತದೆ, ಉಸಿರಾಡುತ್ತದೆ, ದೇಹದ ಲವಣಗಳ ಸಮತೋಲವನ್ನೂ ಕಾಯ್ದುಕೊಳ್ಳುತ್ತದೆ. ಶಿಲೀಂಧ್ರವು ಚರ್ಮವನ್ನು ಕೆಡಿಸಿದಾಗ ರಕ್ತದಲ್ಲಿ ಸೋಡಿಯಂ, ಪೊಟ್ಯಾಸಿಯಂಗಳ ಪ್ರಮಾಣ ಕುಗ್ಗಿ, ಕೊನೆಗೆ ಹೃದಯವೇ ನಿಲ್ಲುತ್ತದೆ. ಅದೇ ಕಾಲಕ್ಕೆ ಅಣೆಕಟ್ಟಿನ ಕೆಸರುನೀರನ್ನು ಕಮರಿಗೆ ಬಿಟ್ಟುದೂ ಕಾರಣವಾಗಿರಬಹುದೆಂದು ಕೆಲವರ ಅಭಿಪ್ರಾಯ. 2009ರಲ್ಲಿ ಈ ಜಾತಿಯು ‘ಕಾಡಿನಲ್ಲಿ ಅಳಿದುದು’ ಎಂದು ಘೋಷಿತವಾಯಿತು.

ಅಮೆರಿಕಕ್ಕೆ ಹೋದ ಕಪ್ಪೆಗಳ ಪಾಡೂ ಸುಗಮವಾಗಿರಲಿಲ್ಲ. 499 ಇದ್ದುದು ನೂರಕ್ಕಿಂತ ಎಷ್ಟೋ ಕೆಳಗೆ ಇಳಿಯಿತು. ಬೆಳಕು, ಆಹಾರ, ತೇವಗಳ ಹದವನ್ನು ಕಂಡುಕೊಂಡ ಮೇಲೆ ಬ್ರಾಂಕ್ಸ್ ಮತ್ತು ಟೊಲೀಡೊ ಮೃಗಾಲಯಗಳಲ್ಲಿ ಅವು ಸಾವಿರಗಟ್ಟಲೆಯಾಗಿ ವೃದ್ಧಿಹೊಂದಿದುವು. 2010ರಲ್ಲಿ 100 ಕಪ್ಪೆಗಳು ದಾರ್-ಎಸ್-ಸಲಾಮಿನ ವಿಶ್ವವಿದ್ಯಾಲಯಕ್ಕೆ ಮರಳಿದುವು. 2012ರಲ್ಲಿ ಕಪ್ಪೆಗಳನ್ನು ಮತ್ತೆ ಕಮರಿಗೇ ಬಿಡಲಾಯಿತು. ಈ ಬಾರಿ ಅವುಗಳ ಮೈಮೇಲೆ ಬಿದ್ದದ್ದು ಕೊಳವೆಯ ತುಂತುರು.