ಗೋಡೆಗೆ ಪುಟ್ಟಿ ಎಷ್ಟು ಬೇಕು? ಸಾಲ ಕೇಳುವ ಮೊದಲು ಲೆಕ್ಕ ಮಾಡೋಣ



ಮನೆ ರಿಪೇರಿಗೆಂದು ಸಂಘದಿಂದ ಸಾಲ ಪಡೆಯುವವರು ನಮ್ಮಲ್ಲಿ ಅನೇಕರಿದ್ದಾರೆ. ಗಾರೆ ಮಾಡಿದ ಗೋಡೆಗೆ ಬಣ್ಣ ಹಚ್ಚುವ ಮೊದಲು ಪುಟ್ಟಿ ಹಾಕಿಸುವುದು ಈಗ ಹಳ್ಳಿಗಳಲ್ಲೂ ಸಾಮಾನ್ಯ. ಆದರೆ ಎಷ್ಟು ಬೇಕೆಂದು ಕೇಳಿದರೆ, "ಮೂರು ಮೂಟೆ ತನ್ನಿ ಅಕ್ಕಾ, ಕಡಿಮೆ ಬಿದ್ರೆ ಆಮೇಲೆ ನೋಡುವ" ಎಂಬ ಉತ್ತರ ಬರುತ್ತದೆ. ಹೆಚ್ಚು ತಂದರೆ ಉಳಿದ ಪುಟ್ಟಿ ತೇವ ಎಳೆದು ಕಲ್ಲಾಗುತ್ತದೆ. ಅದಕ್ಕಾಗಿ ಪಡೆದ ಸಾಲಕ್ಕೆ ಮಾತ್ರ ಬಡ್ಡಿ ಕಟ್ಟುತ್ತಲೇ ಇರಬೇಕು. ಕಡಿಮೆ ತಂದರೆ ಕೆಲಸ ಅರ್ಧಕ್ಕೆ ನಿಂತು ಕೂಲಿ ದಂಡವಾಗುತ್ತದೆ. ಈ ಲೆಕ್ಕಕ್ಕೆ ಬೇಕಾದುದು ಒಂದು ಟೇಪು, ಒಂದು ಪೆನ್ನು, ಒಂದು ಹಾಳೆ ಅಷ್ಟೆ.

1. ಗೋಡೆ ಅಳೆಯಿರಿ

ಕೋಣೆಯ ಉದ್ದ 12 ಅಡಿ, ಅಗಲ 10 ಅಡಿ, ಎತ್ತರ 10 ಅಡಿ ಎಂದಿಟ್ಟುಕೊಳ್ಳೋಣ.

ನಾಲ್ಕು ಗೋಡೆಗಳ ಸುತ್ತಳತೆ: 12+10+12+10 = 44 ಅಡಿ
ಇದನ್ನು ಎತ್ತರದಿಂದ ಗುಣಿಸಿ: 44 × 10 = 440 ಚದರ ಅಡಿ
ಬಾಗಿಲು (3 × 7 = 21) ಮತ್ತು ಕಿಟಕಿ (4 × 4 = 16) ಕಳೆಯಿರಿ: 440 – 37 = 403
ಸೀಲಿಂಗಿಗೂ ಹಾಕಿಸುವುದಾದರೆ ಕೂಡಿಸಿ: 12 × 10 = 120
ಒಟ್ಟು: 523 ಚದರ ಅಡಿ

2. ಕಿಲೋ ಲೆಕ್ಕ ಹಾಕಿರಿ

ಬಿಳಿ ಸಿಮೆಂಟಿನ ಪುಟ್ಟಿಯನ್ನು ಎರಡು ಕೋಟ್ ಹಾಕುವಾಗ, ಗಾರೆ ನಯವಾಗಿದ್ದರೆ 10 ಚದರ ಅಡಿಗೆ ಸುಮಾರು 1 ಕಿಲೋ ಎಂದು ಹಿಡಿಯಬಹುದು. ಆಗ 523 ಚದರ ಅಡಿಗೆ ಸುಮಾರು 52 ಕಿಲೋ. ಬಿದ್ದು ಹಾಳಾಗುವುದಕ್ಕೆ ನೂರಕ್ಕೆ ಹತ್ತರಷ್ಟು ಸೇರಿಸಿದರೆ 57 ಕಿಲೋ ಚಿಲ್ಲರೆ. ಒಂದು 40 ಕಿಲೋ ಮತ್ತು ಒಂದು 20 ಕಿಲೋ ಚೀಲ ಸಾಕು. ಮೂರು ದೊಡ್ಡ ಮೂಟೆ ತಂದಿದ್ದರೆ ಅರ್ಧದಷ್ಟು ಉಳಿಯುತ್ತಿತ್ತು!

3. ನಿಮ್ಮ ಗೋಡೆಯನ್ನೇ ಕೇಳಿ

ಎಲ್ಲರ ಗೋಡೆ ಒಂದೇ ತರ ಇರುವುದಿಲ್ಲ. ಒರಟು ಗೋಡೆ ಹೆಚ್ಚು ಪುಟ್ಟಿ ತಿನ್ನುತ್ತದೆ. ಆದ್ದರಿಂದ ಮೊದಲು ಎರಡು 1 ಕಿಲೋ ಪ್ಯಾಕೆಟ್ ಮಾತ್ರ ತನ್ನಿ. ಒರಟಾದ ಕಡೆ 4 ಅಡಿ ಉದ್ದ, ಎರಡೂವರೆ ಅಡಿ ಎತ್ತರಕ್ಕೆ ಚಾಕ್‌ಪೀಸಿನಿಂದ ಗೆರೆ ಹಾಕಿ. ಇದು 10 ಚದರ ಅಡಿ. ಪೇಂಟರ್ ಹತ್ತಿರ ಅಲ್ಲಿ ಎರಡು ಕೋಟ್ ಹಾಕಿಸಿ. ಒಂದೂಕಾಲು ಕಿಲೋ ಹಿಡಿದರೆ ಲೆಕ್ಕ ಹೀಗೆ: 523 ÷ 10 × 1.25 = ಸುಮಾರು 65 ಕಿಲೋ. ಹಾಳಾಗುವುದನ್ನು ಸೇರಿಸಿ 72 ಕಿಲೋ. ಈಗ ಎರಡು 40 ಕಿಲೋ ಚೀಲ ಬೇಕು.

4. ಇವನ್ನು ಮರೆಯಬೇಡಿ

• ಪುಟ್ಟಿ ತೆಳುವಾದ ಲೇಪ. ಎರಡೂ ಕೋಟ್ ಸೇರಿ ದಪ್ಪ ಒಂದೂವರೆ ಮಿಲಿಮೀಟರ್ ಮೀರಬಾರದು. ದೊಡ್ಡ ಗುಂಡಿಗಳನ್ನು ಮೊದಲು ಸಿಮೆಂಟು ಗಾರೆಯಿಂದ ಮುಚ್ಚಿಸಿ. ಪುಟ್ಟಿಯಿಂದ ತುಂಬಿಸಿದರೆ ಖರ್ಚೂ ಹೆಚ್ಚು, ಬಿರುಕೂ ಬಿಡುತ್ತದೆ.
• ನೀರು ಜಿನುಗುವ ಗೋಡೆಗೆ ಪುಟ್ಟಿ ನಿಲ್ಲುವುದಿಲ್ಲ, ಹೊಪ್ಪಳೆಯಾಗಿ ಏಳುತ್ತದೆ. ಮೊದಲು ಸೋರಿಕೆ ನಿಲ್ಲಿಸಿ.
• ಎರಡು ಮೂರು ಗಂಟೆಯಲ್ಲಿ ಮುಗಿಯುವಷ್ಟನ್ನೇ ಕಲಸಲು ಹೇಳಿ. ಗಟ್ಟಿಯಾದದ್ದಕ್ಕೆ ಮತ್ತೆ ನೀರು ಹಾಕಿ ಬಳಸಬಾರದು.
• ಚೀಲದ ಮೇಲಿನ ತಯಾರಿಕೆಯ ತಿಂಗಳು ನೋಡಿ ಕೊಳ್ಳಿ. ಒಡೆಯದ ಚೀಲ ವಾಪಸು ತಗೊಳ್ತೀರಾ ಎಂದು ಅಂಗಡಿಯಲ್ಲಿ ಮೊದಲೇ ಕೇಳಿ, ಬಿಲ್ಲು ಇಟ್ಟುಕೊಳ್ಳಿ.

ಈ ಚದರ ಅಡಿ ಲೆಕ್ಕ ಪ್ರೈಮರಿಗೂ, ಬಣ್ಣಕ್ಕೂ, ಕೂಲಿಗೂ ಉಪಯೋಗವಾಗುತ್ತದೆ. ಚದರ ಅಡಿಗೆ ಇಷ್ಟೆಂದು ಕೂಲಿ ಮಾತಾಡುವಾಗ ಅಳತೆ ನಿಮ್ಮ ಕೈಯಲ್ಲೇ ಇದ್ದರೆ ಯಾರೂ ಹೆಚ್ಚು ಹೇಳಲಾರರು. ಸಾಲದ ಅರ್ಜಿಯ ಜೊತೆ ಈ ಹಾಳೆಯನ್ನೂ ಇಟ್ಟರೆ, ಎಷ್ಟು ಹಣ ಯಾಕೆ ಬೇಕೆಂದು ಸಂಘಕ್ಕೂ ಸ್ಪಷ್ಟವಾಗುತ್ತದೆ.

ವಾರದ ಸಭೆಯಲ್ಲಿ ಮಾಡಿ ನೋಡಿ

ಕೋಣೆ 10 ಅಡಿ ಉದ್ದ, 8 ಅಡಿ ಅಗಲ, 9 ಅಡಿ ಎತ್ತರ. ಬಾಗಿಲು 3 × 7, ಕಿಟಕಿ 3 × 4. ಗೋಡೆ ನಯವಾಗಿದೆ, ಸೀಲಿಂಗಿಗೆ ಬೇಡ. ಪುಟ್ಟಿ ಎಷ್ಟು ಬೇಕು?

(ಉತ್ತರ: 291 ಚದರ ಅಡಿ, ಹಾಳಾಗುವುದೂ ಸೇರಿ ಸುಮಾರು 32 ಕಿಲೋ.)