ತೊಗರಿಯ ಮಾರಾಟವೂ ವಿದ್ಯುನ್ಮಾನ ಹರಾಜೂ

ನಾಲವಾರ, ಚಿತ್ತಾಪುರ, ಸೇಡಂ ಕಡೆಯ ಕರಿಭೂಮಿಯಲ್ಲಿ ತೊಗರಿಯು ಮುಖ್ಯವಾದ ಹಣದ ಬೆಳೆಯಾಗಿರುತ್ತದೆ. ಈ ಜಿಲ್ಲೆಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಹ ದೊರೆತಿದೆ. ಆದರೂ ಬೆಳೆಯುವುದರಲ್ಲಿ ತೋರಿಸುವ ಲಕ್ಷ್ಯವನ್ನು ಅನೇಕ ರೈತರು ಮಾರುವುದರಲ್ಲಿ ತೋರಿಸುವುದಿಲ್ಲ. ರಾಶಿಯಾದ ಕೂಡಲೇ ಕಣದಲ್ಲಿಯೇ ಸಿಕ್ಕ ಧಾರಣೆಗೆ ಕೊಟ್ಟುಬಿಡುವ ರೂಢಿಯು ಇನ್ನೂ ಇದೆ.

1. ಹರಾಜಿನ ಕ್ರಮ.— ಕರ್ನಾಟಕ ಸರಕಾರವು 2014ರಲ್ಲಿ ರಾಜ್ಯದ ಪೇಟೆಗಳನ್ನು ಒಂದುಗೂಡಿಸುವ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಆರಂಭಿಸಿತು. ಕೇಂದ್ರ ಸರಕಾರದ ಇ-ನಾಮ್ ವ್ಯವಸ್ಥೆಯು 2016ನೆಯ ಏಪ್ರಿಲ್ 14ರಂದು ಪ್ರಾರಂಭವಾಯಿತು. ರಾಜ್ಯದ ಕ್ರಮದಲ್ಲಿ, ಮಾಲು ಪೇಟೆಯ ಬಾಗಿಲಿಗೆ ಬಂದಾಗ ಅದಕ್ಕೊಂದು ಲಾಟು ಸಂಖ್ಯೆಯನ್ನು ಕೊಡುತ್ತಾರೆ. ವರ್ತಕರು ಅಡತಿ ಅಂಗಡಿಯಲ್ಲಿ ಕಾಳನ್ನು ನೋಡಿ, ಗೊತ್ತಾದ ವೇಳೆಯೊಳಗೆ ಗಣಕಯಂತ್ರದಲ್ಲಾಗಲಿ ಮೊಬೈಲಿನಲ್ಲಾಗಲಿ ತಮ್ಮ ಸವಾಲನ್ನು ಬರೆಯುತ್ತಾರೆ. ಒಬ್ಬನ ಸವಾಲು ಮತ್ತೊಬ್ಬನಿಗೆ ಕಾಣುವುದಿಲ್ಲ. ವೇಳೆ ಮುಗಿದ ಮೇಲೆ ಹೆಚ್ಚಿನ ಸವಾಲು ಪ್ರಕಟವಾಗುತ್ತದೆ. ಅದು ಒಪ್ಪಿಗೆಯಾಗದಿದ್ದರೆ ಮಾಲನ್ನು ಕೊಡದಿರುವ ಹಕ್ಕು ರೈತನಿಗೆ ಇರುತ್ತದೆ.

2. ಲಾಭದ ಮಿತಿ.— ಯಂತ್ರದಲ್ಲಿ ಹರಾಜಾದ ಮಾತ್ರಕ್ಕೆ ಧಾರಣೆ ಏರುತ್ತದೆಂದು ನಂಬಬಾರದು. ಕರ್ನಾಟಕದ ಈ ವೇದಿಕೆಯನ್ನು ಕುರಿತು 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಭತ್ತಕ್ಕೆ ನೂರಕ್ಕೆ 5.1, ಶೇಂಗಾಕ್ಕೆ 3.6, ಗೋವಿನಜೋಳಕ್ಕೆ 3.5ರಷ್ಟು ಧಾರಣೆ ಹೆಚ್ಚಿದುದು ಕಂಡುಬಂದಿತು. ತೊಗರಿ, ಹೆಸರು, ಹತ್ತಿಗಳಲ್ಲಿ ಅಂತಹ ಏರಿಕೆ ಕಾಣಲಿಲ್ಲ. ದೂರದ ಕೊಳ್ಳುವವನು ಕಾಳನ್ನು ಕೈಯಲ್ಲಿ ಹಿಡಿದು ನೋಡಲಾರನು. ಗುಣದ ಭರವಸೆಯಿಲ್ಲದಿದ್ದರೆ ಅವನು ಸವಾಲನ್ನೇ ಹಾಕುವುದಿಲ್ಲ, ಹಾಕಿದರೂ ಕಡಿಮೆ ಹಾಕುತ್ತಾನೆ. ಸ್ಥಳದ ಕೆಲವೇ ವರ್ತಕರು ಉಳಿದರೆ ಸ್ಪರ್ಧೆಯು ಹೆಸರಿಗೆ ಮಾತ್ರ ಇರುತ್ತದೆ.

3. ಬೆಳೆಗಾರರು ಮಾಡತಕ್ಕದ್ದು.— (ಅ) ರಾಶಿಯಾದ ಕಾಳನ್ನು ಚೆನ್ನಾಗಿ ಬಿಸಿಲಿಗೆ ಹರವಿ ಒಣಗಿಸಬೇಕು. ಬೆಂಬಲ ಬೆಲೆಯ ಖರೀದಿಯಲ್ಲಿ ನೂರಕ್ಕೆ 12ಕ್ಕಿಂತ ಹೆಚ್ಚು ತೇವವಿದ್ದ ತೊಗರಿಯನ್ನು ತೆಗೆದುಕೊಳ್ಳುವುದಿಲ್ಲ. ಹರಾಜಿಗೂ ಇದನ್ನೇ ಅಳತೆಯಾಗಿ ಇಟ್ಟುಕೊಳ್ಳುವುದು ಲೇಸು. (ಆ) ತೂರಿ, ಜರಡಿ ಹಿಡಿದು, ಮಣ್ಣು, ಕಡ್ಡಿ, ಮುರುಕು ಕಾಳುಗಳನ್ನು ತೆಗೆಯಬೇಕು. ನೂರು ಕ್ವಿಂಟಲಿನಲ್ಲಿ ನೂರಕ್ಕೆ ನಾಲ್ಕರಷ್ಟು ಕಸವಿದ್ದರೆ ನಾಲ್ಕು ಕ್ವಿಂಟಲ್ ಕಸಕ್ಕೆ ಬಾಡಿಗೆ ತೆತ್ತಂತಾಗುವುದು. ಅಲ್ಲದೆ ಇಡೀ ಲಾಟಿನ ಧಾರಣೆಯೂ ಕೆಡುವುದು. (ಇ) ಕೆಂಪು ಕಾಳು ಬಿಳಿ ಕಾಳುಗಳನ್ನೂ ಹಳೆಯದು ಹೊಸದನ್ನೂ ಬೆರೆಸಕೂಡದು. (ಈ) ಗಾಡಿ ಹೇರುವುದಕ್ಕೆ ಮೊದಲು ಕಲಬುರಗಿ, ಯಾದಗಿರಿ, ಸೇಡಂ ಪೇಟೆಗಳ ಅಂದಿನ ಧಾರಣೆಯನ್ನು ನೋಡಿ, ಬಾಡಿಗೆ ಹಮಾಲಿಗಳನ್ನು ಕಳೆದು ಉಳಿಯುವ ಮೊತ್ತವನ್ನು ಹೋಲಿಸಬೇಕು. (ಉ) ತೂಕದ ಚೀಟಿಯನ್ನೂ ಲೆಕ್ಕದ ಪಟ್ಟಿಯನ್ನೂ ಕೇಳಿ ಪಡೆಯಬೇಕು.

4. ಗೌಡರೂ ಜಮೀನುದಾರರೂ ಮಾಡತಕ್ಕದ್ದು.— ಬಿತ್ತಿಗೆಯ ಕಾಲಕ್ಕೆ ಅಡತಿಯವನಿಂದ ಮುಂಗಡ ತಂದವನು ಅವನ ಅಂಗಡಿಗೇ ಮಾಲು ಹಾಕಬೇಕಾಗುವುದರಿಂದ, ಬಂದ ಸವಾಲನ್ನು ಬೇಡವೆನ್ನುವ ಧೈರ್ಯ ಅವನಿಗೆ ಬರುವುದಿಲ್ಲ. ಅಂಥವರು ಸಹಕಾರ ಸಂಘದಿಂದ ಬೆಳೆಸಾಲ ಪಡೆಯುವಂತೆ ನೆರವಾಗಬೇಕು. ನಾಲ್ಕೈದು ಚೀಲಗಳ ಚಿಕ್ಕ ಹಿಡುವಳಿದಾರರನ್ನು ಕೂಡಿಸಿ, ಒಂದೇ ಗುಣದ ಕಾಳನ್ನು ದೊಡ್ಡ ಲಾಟಾಗಿ ಮಾಡಿಸಿದರೆ ದೂರದ ದಾಲ್ ಮಿಲ್ಲಿನವರಿಗೂ ಕೊಳ್ಳಲು ಅನುಕೂಲವಾಗುವುದು. ಊರಿಗೊಂದು ಒಣಗಿಸುವ ಕಟ್ಟೆ, ಒಂದು ಜರಡಿಯಂತ್ರ, ತೇವವನ್ನು ಅಳೆಯುವ ಒಂದು ಉಪಕರಣ ಇವಿಷ್ಟನ್ನು ವಂತಿಗೆಯಿಂದ ಕೊಂಡರೆ ಊರಿನವರೆಲ್ಲರಿಗೂ ಉಪಯೋಗವಾಗುವುದು.

ಒಣಗಿದ, ಹಸನಾದ ಕಾಳನ್ನು ಸಾಲದ ಹಂಗಿಲ್ಲದೆ ಪೇಟೆಗೆ ಒಯ್ಯುವ ಬೆಳೆಗಾರನಿಗೆ ಈ ಹರಾಜಿನಿಂದ ಹೆಚ್ಚು ಪ್ರಯೋಜನವಿರುತ್ತದೆ. ಈ ಸಂಗತಿಯನ್ನು ರಾಶಿಯ ಕಾಲಕ್ಕೆ ಮುಂಚೆಯೇ ಗ್ರಾಮಸ್ಥರಿಗೆ ತಿಳಿಸಿಕೊಡುವುದು ಅವಶ್ಯ.